ದೀಕ್ಷಾಸ್ನಾನ ಪಡೆದ ಮೇಲೂ ಮೆಂಡೆಲ್ಸನ್ ‘ಯಹೂದಿ’ಯಾಗಿಯೇ ಉಳಿದದ್ದೇಕೆ?

ಪ್ರಶ್ನೆ: ಶ್ರೋತೃ

ಹತ್ತೊಂಬತ್ತನೆಯ ಶತಮಾನದ ಜರ್ಮನ್ ಸಂಗೀತದ ಚರಿತ್ರೆಯನ್ನು ಓದುತ್ತಿರುವಾಗ ಒಂದು ಸಂಗತಿ ಬಗೆಹರಿಯದೆ ಉಳಿದಿದೆ. ಯಹೂದಿ ತತ್ತ್ವಜ್ಞಾನಿ ಮೋಸೆಸ್ ಮೆಂಡೆಲ್ಸನ್‌ನ ಮೊಮ್ಮಗ, ಸಂಗೀತ ರಚನಕಾರ ಫೆಲಿಕ್ಸ್‌ಗೆ 1816ರಲ್ಲಿ, ಇನ್ನೂ ಏಳು ವರ್ಷದ ಹುಡುಗನಾಗಿದ್ದಾಗಲೇ, ಪ್ರಾಟೆಸ್ಟಂಟ್ ದೀಕ್ಷಾಸ್ನಾನವಾಯಿತು. ಯೇಸುವಿನ ಯಾತನೆ ಮತ್ತು ಮರಣವನ್ನು ಕುರಿತು ಬಾಖ್ ರಚಿಸಿದ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಅನ್ನು 1829ರಲ್ಲಿ ಬರ್ಲಿನ್ನಿನ ಸಭಿಕರೆದುರು ಮತ್ತೆ ಜೀವಂತಗೊಳಿಸಿದವನು ಅವನೇ. ಸಂತ ಪೌಲನ ಜೀವನವನ್ನು ಕುರಿತು ಆರಟೋರಿಯೊ (ಗಾಯಕರು ಮತ್ತು ವಾದ್ಯವೃಂದಕ್ಕಾಗಿ ಬರೆದ ಧಾರ್ಮಿಕ ಕಥಾಸಂಗೀತ) ಬರೆದ. ಪ್ರಾಟೆಸ್ಟಂಟ್ ಸುಧಾರಣೆಯ ನಾಯಕ ಲೂಥರನ ಪ್ರಸಿದ್ಧ ಕೀರ್ತನೆಯ ಧಾಟಿಯನ್ನು ತನ್ನ ‘ರಿಫಾರ್ಮೇಶನ್’ ಸಿಂಫನಿಯ ಕೊನೆಯ ಭಾಗಕ್ಕೆ ಆಧಾರವಾಗಿ ಬಳಸಿಕೊಂಡ. ಇಷ್ಟಾದರೂ 1850ರಲ್ಲಿ ಒಪೆರಾ ರಚನಕಾರ ವಾಗ್ನರ್ ಅವನನ್ನು ಯಹೂದಿ ಸಂಗೀತಗಾರನೆಂದೇ ಹಳಿದ; 1936ರಲ್ಲಿ ಲೈಪ್‌ಜಿಗ್‌ನಲ್ಲಿದ್ದ ಅವನ ಪ್ರತಿಮೆಯನ್ನು ನಾಜಿಗಳು ಅದೇ ಕಾರಣಕ್ಕೆ ಕಿತ್ತುಹಾಕಿದರು. ಹಾಗಾದರೆ ಆ ಕಾಲದ ಮತಾಂತರದ ಅರ್ಥವೇನು? ಅದು ನಂಬಿಕೆಯ ವಿಷಯವಾಗಿತ್ತೋ, ಪೌರತ್ವದ ಬಾಗಿಲಿಗೆ ತೆರಬೇಕಾದ ಸುಂಕವಾಗಿತ್ತೋ? ಮತವನ್ನು ಬಿಟ್ಟು ವಂಶವನ್ನು ನೋಡುವ ದೃಷ್ಟಿ ನಾಜಿಗಳು ಅಧಿಕಾರಕ್ಕೆ ಬಂದ 1933ರಲ್ಲಿ ಹುಟ್ಟಿದ್ದೋ, ಮೊದಲೇ ಇತ್ತೋ? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1: ಇತಿಹಾಸದ ವಿದ್ಯಾರ್ಥಿನಿ

ನಂಬಿಕೆಯೂ ಹೌದು, ಸುಂಕವೂ ಹೌದು. ಆದರೆ ಇವೆರಡೂ ಒಬ್ಬರದೇ ಆಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಸುಂಕ ಕಟ್ಟಿದವನು ತಂದೆ ಆಬ್ರಹಾಂ. ನಂಬಿ ಬದುಕಿದವನು ಮಗ.

1812ರ ಪ್ರಷ್ಯದ ರಾಜಾಜ್ಞೆ ಯಹೂದಿಗಳಿಗೆ ಪೌರತ್ವವನ್ನೇನೋ ಕೊಟ್ಟಿತು, ಸರ್ಕಾರಿ ಹುದ್ದೆಗಳ ಪ್ರಶ್ನೆಯನ್ನು ಮಾತ್ರ ಮುಂದಕ್ಕೆ ತಳ್ಳಿತು. ಕಾನೂನು ಪಂಡಿತ ಎಡುಆರ್ಡ್ ಗಾನ್ಸ್ ಪ್ರಾಧ್ಯಾಪಕನಾಗಲು ಬಯಸಿದಾಗ, 1822ರಲ್ಲಿ ಯಹೂದಿಗಳಿಗೆ ಅಂಥ ಹುದ್ದೆ ಸಲ್ಲದೆಂದು ಆಜ್ಞೆಯೇ ಹೊರಟಿತು. ಅವನು 1825ರಲ್ಲಿ ಕ್ರೈಸ್ತನಾದ, ಮರುವರ್ಷವೇ ಪ್ರಾಧ್ಯಾಪಕನಾದ. ಅದೇ 1825ರಲ್ಲಿ ದೀಕ್ಷಾಸ್ನಾನ ಪಡೆದ ಕವಿ ಹೈನೆಗೆ ಅಂಥ ಹುದ್ದೆಯೇನೂ ದಕ್ಕಲಿಲ್ಲ. ಮೆಂಡೆಲ್ಸನ್ ಮನೆತನದಲ್ಲಿ ನಡೆದದ್ದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. ಆಬ್ರಹಾಂ ಮೊದಲು ಮಕ್ಕಳನ್ನು ಕ್ರೈಸ್ತರನ್ನಾಗಿಸಿ, 1822ರಲ್ಲಿ ಹೆಂಡತಿಯೊಡನೆ ತಾನೂ ದೀಕ್ಷೆ ಪಡೆದು, ಮನೆತನದ ಹೆಸರಿಗೆ ‘ಬಾರ್ಥೋಲ್ಡಿ’ ಎಂಬುದನ್ನು ಸೇರಿಸಿದ. ಮಗ ಮೆಂಡೆಲ್ಸನ್ ಎಂಬ ಹೆಸರನ್ನು ಕೈಬಿಡಬೇಕೆಂದು 1829ರಲ್ಲಿ ಬರೆದ ಪತ್ರದಲ್ಲಿ ಅವನು ಮುಂದಿಟ್ಟ ವಾದ ಖಂಡಿತವಾದದ್ದು: ಯಹೂದಿ ಕನ್‌ಫ್ಯೂಷಿಯಸ್ ಹೇಗೆ ಇರಲಾರನೋ ಹಾಗೆಯೇ ಕ್ರೈಸ್ತ ಮೆಂಡೆಲ್ಸನ್ ಕೂಡ ಇರಲಾರ. ಫೆಲಿಕ್ಸ್ ಎರಡೂ ಹೆಸರುಗಳನ್ನು ಉಳಿಸಿಕೊಂಡ. ಅವನ ಕ್ರೈಸ್ತ ಭಕ್ತಿ ನಟನೆಯಾಗಿರಲಿಲ್ಲ; ಅಜ್ಜನ ಹೆಸರಿನ ಮೇಲಿದ್ದ ಗೌರವವೂ ಹಾಗೆಯೇ.

ಇನ್ನು ವಾಗ್ನರ್. ‘ಸಂಗೀತದಲ್ಲಿ ಯಹೂದಿತನ’ ಎಂಬ ಲೇಖನ ಲೈಪ್‌ಜಿಗ್‌ನ ಸಂಗೀತ ಪತ್ರಿಕೆಯಲ್ಲಿ ಸುಳ್ಳು ಹೆಸರಿನಲ್ಲಿ ಬಂತು. ಮೆಂಡೆಲ್ಸನ್ ತೀರಿಕೊಂಡು ಮೂರು ವರ್ಷವಾಗಿತ್ತು, ಮತ್ತು ಅವನು ವಾದ್ಯವೃಂದವನ್ನು ನಡೆಸಿ 1843ರಲ್ಲಿ ಸಂಗೀತಶಾಲೆಯನ್ನು ತೆರೆದಿದ್ದ ಊರು ಅದೇ ಲೈಪ್‌ಜಿಗ್. ಆ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಪತ್ರಿಕೆಯ ಸಂಪಾದಕನನ್ನು ಹುದ್ದೆಯಿಂದ ಕಳುಹಿಸಬೇಕೆಂದು ಸಹೋದ್ಯೋಗಿಗಳು ಪಟ್ಟುಹಿಡಿದರು. ಲೇಖನದ ತಿರುಳೆಂದರೆ, ಯಹೂದಿ ಯೂರೋಪಿನ ಭಾಷೆಯನ್ನು ಕಲಿತು ಆಡುತ್ತಾನೆಯೇ ಹೊರತು ಅದು ಅವನ ತಾಯ್ನುಡಿಯಾಗಲಾರದು, ಆದ್ದರಿಂದ ಕಲೆಯಲ್ಲಿ ಅವನು ಅನುಕರಣೆಯನ್ನು ದಾಟಲಾರ. ದೇವರು, ಧರ್ಮಗ್ರಂಥ, ಆರಾಧನೆ ಇವು ಇಲ್ಲಿ ವಾದದ ಆಧಾರವೇ ಅಲ್ಲ. ಹಾಗಾಗಿ ದೀಕ್ಷಾಸ್ನಾನ ಈ ವಾದಕ್ಕೆ ಉತ್ತರವಾಗಲು ಸಾಧ್ಯವೇ ಇಲ್ಲ, ಅದನ್ನು ಹೆಣೆದಿರುವುದೇ ಹಾಗೆ. 1869ರಲ್ಲಿ ವಾಗ್ನರ್ ಇದನ್ನು ಹಿಗ್ಗಿಸಿ ಸ್ವಂತ ಹೆಸರಿನಲ್ಲೇ ಪ್ರಕಟಿಸಿದ. ಉತ್ತರ ಜರ್ಮನ್ ಒಕ್ಕೂಟವು ಮತದ ಕಾರಣಕ್ಕೆ ಹಕ್ಕುಗಳನ್ನು ನಿರಾಕರಿಸುವುದನ್ನು ಕಾನೂನಿನ ಮೂಲಕ ರದ್ದುಪಡಿಸಿದ್ದೂ ಅದೇ 1869ರಲ್ಲಿ. ಮತದ ಗೋಡೆ ಬೀಳುತ್ತಿದ್ದಾಗಲೇ ವಂಶದ ಗೋಡೆ ಏಳುತ್ತಿತ್ತು. ಆದ್ದರಿಂದ ನಿಮ್ಮ ಕೊನೆಯ ಪ್ರಶ್ನೆಗೆ ನನ್ನ ಉತ್ತರ: ಮೊದಲೇ ಇತ್ತು.

ಉತ್ತರ 2: ಚಿತ್ರಶಾಲೆ

ಸಂಗೀತದಲ್ಲಿ ಈ ತರ್ಕವನ್ನು ಬೊಟ್ಟುಮಾಡಿ ತೋರಿಸುವುದು ಕಷ್ಟ. ಚಿತ್ರಕಲೆಯಲ್ಲಿ ಅದು ಕಣ್ಣಿಗೇ ಕಾಣುತ್ತದೆ. ಬರ್ಲಿನ್ನಿನ ಯಹೂದಿ ಚಿತ್ರಕಾರ ಮಾಕ್ಸ್ ಲೀಬರ್‌ಮಾನ್ 1879ರಲ್ಲಿ ಹನ್ನೆರಡು ವರ್ಷದ ಯೇಸು ದೇವಾಲಯದಲ್ಲಿ ಪಂಡಿತರೊಡನೆ ವಾದಿಸುವ ದೃಶ್ಯವನ್ನು ಬರೆದು ಮ್ಯೂನಿಕ್ಕಿನ ಪ್ರದರ್ಶನಕ್ಕಿಟ್ಟ. ಅದರಲ್ಲಿದ್ದವನು ಬರಿಗಾಲಿನ, ಕೆದರಿದ ಗಿಡ್ಡ ಕಪ್ಪುಗೂದಲಿನ, ಕೈಯಾಡಿಸುತ್ತ ಮಾತಾಡುವ ಬಡ ಹುಡುಗ. ಗದ್ದಲ ಎಷ್ಟು ಬೆಳೆಯಿತೆಂದರೆ 1880ರಲ್ಲಿ ಬವೇರಿಯದ ಶಾಸನಸಭೆಯೇ ಈ ಚಿತ್ರವನ್ನು ಚರ್ಚಿಸಿತು. ಯೇಸುವನ್ನು ಯಹೂದಿ ಹುಡುಗನಾಗಿ ಬರೆದದ್ದು, ಬರೆದವನೂ ಯಹೂದಿಯಾಗಿದ್ದದ್ದು ಎಂಬೆರಡೂ ಸೇರಿ ಅಪರಾಧವಾಯಿತು. ಬೈಬಲ್ಲಿನ ಪ್ರಕಾರ ಆ ಹುಡುಗ ಯಹೂದಿಯಲ್ಲದೆ ಬೇರೇನೂ ಆಗಿರಲು ಸಾಧ್ಯವಿರಲಿಲ್ಲ ಎಂಬುದು ಸಭೆಯ ಗದ್ದಲದಲ್ಲಿ ಯಾರ ಕಿವಿಗೂ ಬಿದ್ದಂತಿಲ್ಲ.

ಲೀಬರ್‌ಮಾನ್ ಆಮೇಲೆ ಆ ಹುಡುಗನ ಮೇಲೆ ಮತ್ತೆ ಬಣ್ಣ ಹಚ್ಚಿದ. ಹ್ಯಾಂಬರ್ಗ್‌ನ ಕಲಾ ಸಂಗ್ರಹಾಲಯದಲ್ಲಿ ಇಂದು ಕಾಣುವ ಯೇಸುವಿಗೆ ನೀಳವಾದ ಹೊಂಗೂದಲಿದೆ, ಅಂಗಿ ಶುಭ್ರವಾಗಿದೆ, ಕಾಲಿಗೆ ಪಾದರಕ್ಷೆ ಬಂದಿದೆ. ಮೊದಲಿನ ರೂಪವನ್ನು ನಾವು ತಿಳಿಯುವುದು ಉಳಿದಿರುವ ರೇಖಾಚಿತ್ರದಿಂದ ಮತ್ತು ಹಳೆಯ ಛಾಯಾಚಿತ್ರದಿಂದ. ಸುತ್ತಲಿನ ಪಂಡಿತರು ಮಾತ್ರ ಇದ್ದ ಹಾಗೆಯೇ ಇದ್ದಾರೆ: ಅವರು ಯಹೂದಿಗಳಂತೆ ಕಂಡರೆ ಯಾರದೂ ಆಕ್ಷೇಪಣೆ ಇರಲಿಲ್ಲವಷ್ಟೆ. ಇದೇ ಕಲಾವಿದ ಮುಂದೆ ಪ್ರಷ್ಯದ ಕಲಾ ಅಕಾಡೆಮಿಯ ಅಧ್ಯಕ್ಷನಾದ; 1933ರ ಮೇ ತಿಂಗಳಲ್ಲಿ ಅದರಿಂದ ಹೊರಬಂದ.

ಉತ್ತರ 3: ನಿಧಾನಿ

ಮೇಲಿನ ಇಬ್ಬರ ಮಾತನ್ನೂ ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ 1850ರಿಂದ 1933ಕ್ಕೆ ನೇರವಾಗಿ ಗೆರೆ ಎಳೆಯುವುದಕ್ಕೆ ನನ್ನ ಆಕ್ಷೇಪಣೆ ಇದೆ. ನಡುವಿನ ಎಂಬತ್ತು ವರ್ಷಗಳಲ್ಲಿ ಬಾಗಿಲುಗಳು ನಿಜವಾಗಿಯೂ ತೆರೆದವು, ಮತ್ತು ಯಾವ ಬಾಗಿಲು ತೆರೆಯಬೇಕೆಂಬುದನ್ನು ಹಲವು ಸಲ ನಿರ್ಧರಿಸಿದ್ದು ರಾಜಕೀಯದ ಲೆಕ್ಕಾಚಾರ.

ವಾಗ್ನರನ ‘ಪಾರ್ಸಿಫಾಲ್’ ಕ್ರೈಸ್ತ ಸಂಕೇತಗಳಿಂದ ತುಂಬಿರುವ ಒಪೆರಾ. 1882ರಲ್ಲಿ ಬೈರಾಯ್ಟ್‌ನಲ್ಲಿ ಅದರ ಮೊದಲ ಪ್ರದರ್ಶನವನ್ನು ನಿರ್ದೇಶಿಸಿದವನು ರಬ್ಬಿಯ, ಎಂದರೆ ಯಹೂದಿ ಧರ್ಮಗುರುವಿನ, ಮಗ ಹರ್ಮನ್ ಲೆವಿ. ಅವನು ದೀಕ್ಷೆ ಪಡೆಯಲೆಂದು ವಾಗ್ನರ್ ಬಯಸಿದ್ದ; ಲೆವಿ ಪಡೆಯಲಿಲ್ಲ. ಆದರೆ ವಾದ್ಯವೃಂದ ಬವೇರಿಯದ ರಾಜ ಎರಡನೆಯ ಲುಡ್ವಿಗ್‌ನದು, ಲೆವಿ ಅದರ ನಿರ್ದೇಶಕ, ಒಬ್ಬನನ್ನು ಬಿಟ್ಟು ಇನ್ನೊಂದನ್ನು ಕಳುಹಿಸಲು ರಾಜ ಒಪ್ಪಲಿಲ್ಲ. ವಾಗ್ನರ್ ಮಣಿದ. ಸಿದ್ಧಾಂತದ ಬಿಗುವು ರಾಜನ ಖಜಾನೆಯ ಮುಂದೆ ಎಷ್ಟು ಸಡಿಲವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ.

ಹದಿನೈದು ವರ್ಷಗಳ ನಂತರ ವಿಯೆನ್ನಾದ ರಾಜಾಸ್ಥಾನದ ಒಪೆರಾದಲ್ಲಿ ಹುದ್ದೆ ಬಯಸಿದ ಯಹೂದಿ ಸಂಗೀತ ರಚನಕಾರ, ನಿರ್ದೇಶಕ ಮಾಲರ್‌ಗೆ ಅಂಥ ರಾಜ ಸಿಗಲಿಲ್ಲ. ಅವನು 1897ರ ಫೆಬ್ರುವರಿಯಲ್ಲಿ ಹ್ಯಾಂಬರ್ಗ್‌ನಲ್ಲಿ ಕ್ಯಾಥೊಲಿಕ್ ಆಗಿ, ಅದೇ ವರ್ಷ ಹುದ್ದೆಗೇರಿದ. ಯಹೂದಿ ದ್ವೇಷವನ್ನೇ ಬಂಡವಾಳ ಮಾಡಿಕೊಂಡ ಕಾರ್ಲ್ ಲ್ಯುಗರ್ ನಗರದ ಮೇಯರ್ ಆದದ್ದೂ ಅದೇ ವರ್ಷ. ಪತ್ರಿಕೆಗಳ ಒಂದು ವರ್ಗ ಮಾಲರ್‌ನನ್ನು ಕೊನೆಯವರೆಗೂ ಬಿಡಲಿಲ್ಲ, ನಿಜ. ಆದರೂ ಅವನು 1907ರವರೆಗೆ ಆ ಒಪೆರಾವನ್ನು ತನ್ನ ಇಚ್ಛೆಯಂತೆ ನಡೆಸಿದ.

ಇನ್ನೊಂದು ಮಾತು. ‘ರಿಫಾರ್ಮೇಶನ್’ ಸಿಂಫನಿಯ ಮೊದಲ ಭಾಗದಲ್ಲಿ ತಂತಿವಾದ್ಯಗಳು ಬಹು ಮೆಲ್ಲಗೆ ಮೇಲಕ್ಕೇರುವ ಪುಟ್ಟ ಸ್ವರಗುಚ್ಛವೊಂದಿದೆ. ಅದು ಡ್ರೆಸ್ಡೆನ್ನಿನ ಚರ್ಚುಗಳಲ್ಲಿ ಹಾಡುತ್ತಿದ್ದ ‘ಆಮೆನ್’. ಅದೇ ಸ್ವರಗುಚ್ಛ ‘ಪಾರ್ಸಿಫಾಲ್’ನಲ್ಲಿ ಯೇಸು ಕೊನೆಯ ಭೋಜನದಲ್ಲಿ ಬಳಸಿದನೆನ್ನುವ ಪವಿತ್ರ ಪಾತ್ರೆಯ ಸಂಕೇತವಾಗಿ ಬರುತ್ತದೆ. ಒಬ್ಬನಲ್ಲಿ ಅನುಕರಣೆ, ಇನ್ನೊಬ್ಬನಲ್ಲಿ ಸಹಜಭಕ್ತಿ ಎಂದು ಕಿವಿಯಿಂದಲೇ ಬೇರ್ಪಡಿಸುತ್ತೇನೆ ಎನ್ನುವವರು ಎರಡನ್ನೂ ಒಟ್ಟಿಗೆ ಕೇಳಿ ನೋಡಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ: ಶ್ರೋತೃ

ಎಲ್ಲರಿಗೂ ವಂದನೆಗಳು. ನಿಧಾನಿಯವರ ಆಕ್ಷೇಪಣೆ ಸರಿಯೆನಿಸಿತು. ಹಾಗಾದರೆ 1933ರಲ್ಲಿ ಹೊಸದಾಗಿ ಬಂದದ್ದಾದರೂ ಏನು? ಹೊರಗಿನವರು ಹೊರಿಸಿದ ಗುರುತನ್ನು ತಾವಾಗಿ ಕೈಗೆತ್ತಿಕೊಂಡ ಕಲಾವಿದರು ಇದ್ದಾರೆಯೇ?

ಉತ್ತರ 4: ಇತಿಹಾಸದ ವಿದ್ಯಾರ್ಥಿನಿ

ಹೊಸದಾಗಿ ಬಂದದ್ದು ಕಡತ. ಅಲ್ಲಿಯವರೆಗೆ ಲೇಖನಗಳಲ್ಲಿದ್ದ ದ್ವೇಷವನ್ನು 1933ರ ಏಪ್ರಿಲ್ 7ರ ಸರ್ಕಾರಿ ನೌಕರರ ಕಾನೂನು ಆಡಳಿತದ ನಿಯಮವನ್ನಾಗಿ ಮಾಡಿತು. ಅಜ್ಜ ಅಜ್ಜಿಯರಲ್ಲಿ ಒಬ್ಬರು ಯಹೂದಿಯಾಗಿದ್ದರೂ ನೌಕರ ‘ಆರ್ಯೇತರ’ನಾಗುತ್ತಿದ್ದ. ಆದರೆ ಆ ಅಜ್ಜ ಯಹೂದಿ ಎಂಬುದಕ್ಕೆ ಪುರಾವೆ ಯಾವುದು? ರಕ್ತದಲ್ಲಿ ಅಂಥದ್ದೇನೂ ಸಿಗುವುದಿಲ್ಲವಾದ್ದರಿಂದ ಚರ್ಚಿನ ದೀಕ್ಷಾಸ್ನಾನದ ದಾಖಲೆಗಳನ್ನೂ ಯಹೂದಿ ಸಮುದಾಯದ ಪುಸ್ತಕಗಳನ್ನೂ ತೆರೆದು ನೋಡಬೇಕಾಯಿತು. ಮತ ಮುಖ್ಯವಲ್ಲ, ಜನಾಂಗ ಮುಖ್ಯ ಎಂದ ಆಡಳಿತ ಕೊನೆಗೆ ನಿಂತದ್ದು ಮತದ ದಾಖಲೆಗಳ ಮೇಲೆಯೇ.

ಎರಡನೆಯ ಪ್ರಶ್ನೆಗೆ ಯಹೂದಿಯಾಗಿ ಹುಟ್ಟಿದ ಸಂಗೀತ ರಚನಕಾರ ಷೋನ್‌ಬರ್ಗ್‌ನ ಬದುಕು ಉತ್ತರ. ಅವನು 1898ರಲ್ಲಿ ಕ್ಯಾಥೊಲಿಕ್ ವಿಯೆನ್ನಾದಲ್ಲಿ ಲೂಥರನ್ ಆದ. ಹುದ್ದೆಯ ಆಸೆಯಿದ್ದವನು ಆ ಊರಿನಲ್ಲಿ ಆರಿಸಿಕೊಳ್ಳುವ ಪಂಥ ಅದಲ್ಲ. 1921ರ ಬೇಸಿಗೆಯಲ್ಲಿ ಆಸ್ಟ್ರಿಯದ ಮಾಟ್‌ಸೀ ಎಂಬ ವಿಹಾರಸ್ಥಳದಲ್ಲಿ ಯಹೂದಿಗಳು ಇರಕೂಡದೆಂದು ಸ್ಥಳೀಯರು ಒತ್ತಡ ಹೇರಿದಾಗ ಅವನೂ ಅಲ್ಲಿಂದ ಹೊರಡಬೇಕಾಯಿತು. 1923ರಲ್ಲಿ ಚಿತ್ರಕಾರ ಕಾಂಡಿನ್‌ಸ್ಕಿಗೆ ಬರೆದ ಪತ್ರಗಳಲ್ಲಿ ಆ ಪಾಠವನ್ನು ತಾನು ಇನ್ನೆಂದೂ ಮರೆಯುವುದಿಲ್ಲವೆಂದು ಕಟುವಾಗಿ ಹೇಳಿದ. 1933ರಲ್ಲಿ ಬರ್ಲಿನ್ನಿನ ಹುದ್ದೆ ಹೋಯಿತು. ಜುಲೈನಲ್ಲಿ ಪ್ಯಾರಿಸ್ಸಿನ ಒಬ್ಬ ರಬ್ಬಿಯ ಎದುರು ಅವನು ಯಹೂದಿ ಮತಕ್ಕೆ ವಿಧಿವತ್ತಾಗಿ ಮರಳಿದ. ಸಾಕ್ಷಿಯಾಗಿ ಸಹಿ ಮಾಡಿದವರಲ್ಲಿ ಚಿತ್ರಕಾರ ಶಾಗಾಲ್ ಒಬ್ಬ. ಇದನ್ನು ಹಿಟ್ಲರನಿಗೆ ಕೊಟ್ಟ ಉತ್ತರವೆಂದಷ್ಟೇ ಓದುವವರಿದ್ದಾರೆ. ನಾನು ಹಾಗೆ ಓದುವುದಿಲ್ಲ, ಏಕೆಂದರೆ ಯಹೂದಿ ಧರ್ಮಗ್ರಂಥದ ಕಥೆಯನ್ನು ಆಧರಿಸಿದ ‘ಮೋಸೆಸ್ ಮತ್ತು ಆರನ್’ ಒಪೆರಾದ ಮೊದಲ ಎರಡು ಅಂಕಗಳ ಸಂಗೀತವನ್ನು ಅವನು 1932ರಲ್ಲೇ ಬರೆದು ಮುಗಿಸಿದ್ದ.