ಮೊದಲ ರೋಲರ್‌ಬಾಲ್ ಪೆನ್ನಿಗೆ ಯಾವ ಕಿಟ್?

ಪ್ರಶ್ನೆ: ಲೇತ್‌ನಲ್ಲಿ ಮರ ಕಡೆದು, ಕಿಟ್‌ನ ಲೋಹದ ಭಾಗ ಜೋಡಿಸಿ ಪೆನ್ ಮಾಡ್ತೀನಿ. ಸ್ಲಿಮ್‌ಲೈನ್ ಅನ್ನೋ ಸರಳ ಬಾಲ್‌ಪೆನ್ ಕಿಟ್ ಕೈಗೆ ಹತ್ತಿದೆ, ಒಣಗಿದ ಬೀಟೆ ತುಂಡುಗಳಿವೆ. ರೋಲರ್‌ಬಾಲ್‌ಗೆ (ತೆಳು ಶಾಯಿಯ, ಮುಚ್ಚಳದ ಪೆನ್) ಯಾವ ಕಿಟ್ ತಗೊಳ್ಳಲಿ?

ಉತ್ತರ: ಜೂನಿಯರ್ ಜೆಂಟಲ್‌ಮನ್ 2. ಮುಚ್ಚಳ ತಿರುಗಿಸಿ ಹಾಕುವಂಥದ್ದು, ಶಾಯಿ ಬೇಗ ಒಣಗಲ್ಲ. 12.5 ಮತ್ತು 10.5 ಮಿ.ಮೀ. ಡ್ರಿಲ್ ಬಿಟ್ ಎರಡೂ ಬೇಕು. ಬುಶಿಂಗ್ (ಮರವನ್ನು ಎಷ್ಟು ದಪ್ಪಕ್ಕೆ ಕಡೆಯಬೇಕೆಂದು ತೋರಿಸುವ ಲೋಹದ ಬಳೆ) ಬೇರೆ ತರಿಸಬೇಕು.

ಉತ್ತರ: ಕಿಟ್‌ನ ಲೋಹದ ಭಾಗಗಳ ಲೇಪನದಲ್ಲಿ ದುಡ್ಡು ಉಳಿಸಬೇಡಿ ಸರ್. ತೆಳು ಬಂಗಾರದ್ದು ಬೆರಳು ಹಿಡಿಯೋ ಕಡೆಯೇ ಮೊದಲು ಸವೆಯುತ್ತೆ. ಕ್ರೋಮ್ ಅಥವಾ ರೋಡಿಯಂ ಬಾಳಿಕೆ ಬರುತ್ತೆ.

ಉತ್ತರ: ಬೀಟೆ ಎಣ್ಣೆ ಮರ, ಅಂಟು ಬಿಟ್ಟುಕೊಳ್ಳುತ್ತೆ. ಕೊರೆದ ರಂಧ್ರವನ್ನು ಅಸಿಟೋನ್‌ನಿಂದ ಒರೆಸಿ, ಅದರೊಳಗೆ ಕೂರುವ ಕಿಟ್‌ನ ಹಿತ್ತಾಳೆ ಟ್ಯೂಬನ್ನು ಉಪ್ಪುಕಾಗದದಲ್ಲಿ ಉಜ್ಜಿ, ಎಪಾಕ್ಸಿ ಅಂಟು ಹಚ್ಚಿ. ಸೂಪರ್ ಗ್ಲೂ ಆದರೆ ಟ್ಯೂಬ್ ಅರ್ಧಕ್ಕೇ ಕಚ್ಚಿಕೊಳ್ಳುತ್ತೆ. ಬಿಟ್ ಆಚೆ ತೂರಿದರೆ ತುದಿ ಸಿಬಿರೇಳುತ್ತೆ; ತುಂಡನ್ನು ಉದ್ದ ಬಿಟ್ಟು ಕೊರೆದು, ಆಮೇಲೆ ಕತ್ತರಿಸಿ.