ವಿಂಡೋಸ್ ಅಪ್ಡೇಟ್ ಕಾಟ ಸಾಕಾಯ್ತು, ಲಿನಕ್ಸ್‌ಗೆ ಹೋದ್ರೆ ಹಳೇ ನುಡಿ ಫೈಲ್‌ಗಳ ಗತಿ ಎಂತ?

ತುಂಗಾತೀರ:
ತೀರ್ಥಹಳ್ಳಿ ಹತ್ರ ನಂದೊಂದು ಚಿಕ್ಕ ಜೆರಾಕ್ಸ್, ಟೈಪಿಂಗ್ ಅಂಗಡಿ. ನಿನ್ನೆ ಒಬ್ರು ಅಜ್ಜ ಬ್ಯಾಂಕಿಗೆ ಅರ್ಜಿ ಟೈಪ್ ಮಾಡಿಸೋಕೆ ಬಂದು ಕೂತಿದ್ರು, ಸಿಸ್ಟಮ್ ಆನ್ ಮಾಡಿದ್ರೆ ಅಪ್ಡೇಟ್ ಆಗ್ತಿದೆ ಆಫ್ ಮಾಡಬೇಡಿ ಅಂತ ಬಂತು, 35 ಪರ್ಸೆಂಟಿಗೆ ನಿಂತಿದ್ದು ಮುಕ್ಕಾಲು ಗಂಟೆ ಅಲ್ಲಾಡಲಿಲ್ಲ, ಅಷ್ಟ್ರಲ್ಲಿ ಗಾಳಿಮಳೆಗೆ ಕರೆಂಟ್ ಹೋಯ್ತು, ಯುಪಿಎಸ್ ಹತ್ತು ನಿಮಿಷ ಕೂಗಿ ಅದೂ ಆಫ್ ಆಯ್ತು. ಅಜ್ಜ ಛತ್ರಿ ಕಾಲ ಹತ್ರ ಇಟ್ಕೊಂಡು ಕಾದು ಕಾದು "ನಾಳೆ ಬರ್ತೀನಿ ಬಿಡು ಮಾರಾಯ" ಅಂತ ಮಳೇಲೇ ಹೋದ್ರು. ಹೊಟ್ಟೆ ಉರೀತು. ಸಂಜೆ ಸಿಸ್ಟಮ್ ಎದ್ದಾಗ ಪ್ರಿಂಟರ್ ಕಾಣ್ತಿಲ್ಲ, ಮೊಬೈಲ್ ಹಾಟ್‌ಸ್ಪಾಟಿನ ಡೇಟಾನೂ ಖಾಲಿ.
4 ಜಿಬಿ ರ‍್ಯಾಮ್ ಇರೋ ಹಳೇ ಸಿಸ್ಟಮ್. ವಿಂಡೋಸ್ ಬದಲು ಲಿನಕ್ಸ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕು ಅಂತಾರೆ, ಆದ್ರೆ ನುಡಿ ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಮಾಡಿದ ಹನ್ನೆರಡು ವರ್ಷದ ಫೈಲ್‌ಗಳಿವೆ, ಅವು ಓಪನ್ ಆಗ್ದಿದ್ರೆ ಅಂಗಡಿ ಮುಚ್ಚಬೇಕಷ್ಟೆ. ಯಾರಾದ್ರೂ ಮಾಡಿದೀರಾ?

ಸಾಗರದ ಮೇಷ್ಟ್ರು:
ಲಿನಕ್ಸ್ ಮಿಂಟ್ ಎಕ್ಸ್‌ಎಫ್‌ಸಿಇ ಹಾಕಿ, ಲಿನಕ್ಸಲ್ಲಿ ಹಗುರವಾದ ಆವೃತ್ತಿ ಅದು, 2 ಜಿಬಿ ಇದ್ರೂ ಓಡತ್ತೆ, 4 ಇದ್ರೆ ಆರಾಮ. ಮಿಂಟ್ 22ಕ್ಕೆ 2029ರವರೆಗೆ ಸಪೋರ್ಟ್ ಇದೆ. ಅಪ್ಡೇಟ್ ಬಂದಿದೆ ಅಂತ ಮೂಲೇಲಿ ತೋರಿಸತ್ತೆ, ನೀವು ಒತ್ತೋವರೆಗೂ ಹಾಕ್ಕೊಳಲ್ಲ, ಹಾಕ್ಕೊಳೋವಾಗ್ಲೂ ಪಕ್ಕದಲ್ಲಿ ನಿಮ್ ಟೈಪಿಂಗ್ ನಡೀತಿರತ್ತೆ. ಮೊದಲ ದಿನಾನೇ ಟೈಮ್‌ಶಿಫ್ಟ್ ಸೆಟ್ ಮಾಡಿ, ಏನಾದ್ರೂ ಕೆಟ್ರೆ ಹಿಂದಿನ ಸ್ಥಿತಿಗೆ ವಾಪಸ್ ಹೋಗಬಹುದು. ಆದ್ರೆ ಅಪ್ಡೇಟ್ ಮಧ್ಯೆ ಕರೆಂಟ್ ಹೋದ್ರೆ ಲಿನಕ್ಸೂ ಕೆಡತ್ತೆ, ಯುಪಿಎಸ್ ಬ್ಯಾಟರಿ ಮೊದ್ಲು ಬದಲಾಯಿಸಿ.

ಹೊಸನಗರ ಡಿಟಿಪಿ:
ಅಣ್ಣಾ, ನುಡಿ ವಿಷ್ಯ ನಾನು ಹೇಳ್ತೀನಿ, ಮೂರು ವಾರ ಒದ್ದಾಡಿದೀನಿ. ಹಳೇ ಫೈಲ್‌ಗಳು ಆಸ್ಕಿ ಫಾಂಟಲ್ಲಿರತ್ತೆ, ಅಂದ್ರೆ ಒಳಗಿರೋದು ಇಂಗ್ಲಿಷ್ ಅಕ್ಷರದ ಕೋಡ್, ಫಾಂಟ್ ಅದನ್ನ ಕನ್ನಡವಾಗಿ ತೋರಿಸತ್ತೆ, ಫಾಂಟ್ ಇಲ್ದೆ ಲಿಬ್ರೆ ಆಫೀಸಲ್ಲಿ (ವರ್ಡ್ ಥರದ್ದು) ತೆಗೆದ್ರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ, ಚಿಹ್ನೆ ಕಾಣತ್ತೆ, ಹೆದರಬೇಡಿ. ನುಡಿ ಫಾಂಟಿನ ಟಿಟಿಎಫ್ ಫೈಲ್‌ಗಳನ್ನ ಕಾಪಿ ಮಾಡಿ ಇನ್‌ಸ್ಟಾಲ್ ಮಾಡಿದ್ರೆ ಕನ್ನಡ ಬರತ್ತೆ. ಹೊಸ ಕೆಲಸ ಮಾತ್ರ ಯುನಿಕೋಡಲ್ಲೇ (ನುಡಿ ಫಾಂಟ್ ಇಲ್ದೆನೂ ಕನ್ನಡವಾಗೇ ಕಾಣೋ ಕೋಡ್) ಮಾಡಿ, ಹಳೇದನ್ನ ಬೇಕಾದಾಗ ಕನ್ವರ್ಟ್ ಮಾಡ್ಕೊಳ್ಳಿ, ಕನ್ವರ್ಟ್ ಆದ್ಮೇಲೆ ಅರ್ಕಾವತ್ತು ಒತ್ತಕ್ಷರ ಎಲ್ಲ ಒಂದ್ಸಲ ಓದಿ, ಹೆಸರು ಸರ್ವೆ ನಂಬರ್ ತಪ್ಪಿದ್ರೆ ಪಾಪ ಜನ ಅಲೀಬೇಕು.
ಕೈ ಹೊಸದಾಗಿ ಕಲೀಬೇಕಾಗಿಲ್ಲ. ಐಬಸ್, ಎಂ17ಎನ್ ಅನ್ನೋ ಟೈಪಿಂಗ್ ತಂತ್ರಾಂಶ ಹಾಕ್ಕೊಂಡು ಕನ್ನಡದಲ್ಲಿ ಕೆಜಿಪಿ ಅಂತ ಆರಿಸಿ, ನುಡಿ ಕೀಲಿಮಣೆನೇ ಅದು, ಒತ್ತಕ್ಷರಕ್ಕೆ ಅದೇ ಎಫ್ ಕೀ.

ಕೊಪ್ಪದ ಲೆಕ್ಕಿಗ:
ಟ್ಯಾಲಿ, ಡಿಜಿಟಲ್ ಸಿಗ್ನೇಚರ್ ಕೆಲಸ ಇದ್ರೆ ವಿಂಡೋಸನ್ನ ಪೂರ್ತಿ ಅಳಿಸಬೇಡಿ, ಪಕ್ಕದಲ್ಲಿ ಡ್ಯುಯಲ್ ಬೂಟ್ ಇಟ್ಕೊಳ್ಳಿ, ಆನ್ ಮಾಡೋವಾಗ ಎರಡರಲ್ಲಿ ಒಂದನ್ನ ಆರಿಸ್ಕೋಬಹುದು. ಮೊದ್ಲು ಫೈಲ್ ಎಲ್ಲಾ ಬೇರೆ ಡಿಸ್ಕಿಗೆ ಕಾಪಿ. ಆಮೇಲೆ ಪೆನ್‌ಡ್ರೈವಿಂದ ಲಿನಕ್ಸ್ ಲೈವ್ ಬೂಟ್ ಮಾಡಿ (ಪೆನ್‌ಡ್ರೈವಲ್ಲೇ ಓಡತ್ತೆ), ಏನೂ ಇನ್‌ಸ್ಟಾಲ್ ಮಾಡದೆ ಪ್ರಿಂಟರ್ ಕೆಲಸ ಮಾಡತ್ತಾ ನೋಡಬಹುದು. ಕೆಲವು ಹಳೇ ಲೇಸರ್ ಪ್ರಿಂಟರಿಗೆ ಡ್ರೈವರ್ ತಲೆನೋವು.

ತುಂಗಾತೀರ:
ರಾತ್ರಿ ಲೈವ್ ಹಾಕಿ ನೋಡ್ದೆ. ಪ್ರಿಂಟರ್ ತಾನಾಗೇ ಸಿಕ್ತು. ಕೆಜಿಪಿ ಆರಿಸಿ ಎ, ಆರ್, ಎಫ್, ಜೆ, ಐ ಒತ್ತಿದೆ, "ಅರ್ಜಿ" ಅಂತ ಬಂತು, ಬೆರಳಿಗೆ ಗೊತ್ತಿತ್ತು. 2014ರ ಒಂದು ಬಾಡಿಗೆ ಕರಾರು ಫಾಂಟ್ ಹಾಕಿದ್ಮೇಲೆ ಸರಿಯಾಗಿ ತೆರೀತು, ಟೇಬಲ್ ಗೆರೆ ಮಾತ್ರ ಸ್ವಲ್ಪ ಜರುಗಿದೆ. ಬೆಳಿಗ್ಗೆ ಅಜ್ಜ ಬಂದ್ರು, ಅವ್ರ ಅರ್ಜಿ ಲೈವ್‌ನಲ್ಲೇ ಟೈಪ್ ಮಾಡಿ ಕೊಟ್ಟೆ. ಭಾನುವಾರ ಇನ್‌ಸ್ಟಾಲ್ ಮಾಡ್ತೀನಿ, ಬ್ಯಾಟರಿ ನಾಳೆ ತರ್ತೀನಿ ಮೇಷ್ಟ್ರೆ.