ಸಹಾಯ ಬೇಕು: ಫುಟ್‌ಬಾಲ್ ಕಿರುಚಿತ್ರದ ಎಡಿಟಿಂಗಲ್ಲಿ ಸಿಕ್ಕಾಕೊಂಡಿದೀವಿ

ಎಲ್ರಿಗೂ ನಮಸ್ಕಾರ. ಕೊಡಗು ಅಂದ್ರೆ ಹಾಕಿ ಅಂತಾರೆ, 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬ ಅಷ್ಟು ಹೆಸರು ಮಾಡಿದೆ, ಆದ್ರೆ ನಮ್ ಸುಂಟಿಕೊಪ್ಪ ಕಡೆ ಫುಟ್‌ಬಾಲ್ ಹುಚ್ಚು ಎಷ್ಟಿದೆ ಅಂತ ಹೊರಗಿನೋರಿಗೆ ಗೊತ್ತೇ ಇಲ್ಲ. ಅದಕ್ಕೇ ನಾಲ್ಕು ಜನ ಕೈಯಿಂದ ದುಡ್ಡು ಹಾಕಿ ಕಿರುಚಿತ್ರ ಮಾಡ್ತಿದೀವಿ, ಕಾಫಿ ಕಣದಲ್ಲಿ ಬರಿಗಾಲಲ್ಲಿ ಪ್ರಾಕ್ಟೀಸ್ ಮಾಡೋ ಲೈನ್ ಮನೆ (ತೋಟದ ಕೆಲಸದೋರ ಸಾಲು ಮನೆ) ಹುಡುಗನ ಕಥೆ.

ಮಾತಿನ ಸೀನೆಲ್ಲ ಬಾಡಿಗೆ ಕ್ಯಾಮೆರಾದಲ್ಲಿ ಸೆಕೆಂಡಿಗೆ 25 ಫ್ರೇಮಿಗೆ ತೆಗೆದ್ವಿ, ಅಷ್ಟರಲ್ಲಿ ದುಡ್ಡು ಮುಗೀತು, ಮ್ಯಾಚ್ ಪೂರ್ತಿ ಮೊಬೈಲಲ್ಲಿ, ಅದು 30. ಮೊಬೈಲಲ್ಲಿ ಫ್ರೇಮ್ ರೇಟ್ ಒಂದೇ ಸಮ ಇರಲ್ಲ ಅಲ್ವಾ, ಬೇರೆ ರೆಕಾರ್ಡ್ ಮಾಡಿದ್ದ ಸೌಂಡ್ ಹೋಗ್ತಾ ಹೋಗ್ತಾ ವಿಡಿಯೋಗೆ ಹೊಂದದೆ ತಪ್ತಿತ್ತು. ಹ್ಯಾಂಡ್‌ಬ್ರೇಕ್ ಅನ್ನೋ ವಿಡಿಯೋ ಬದಲಾಯ್ಸೋ ಸಾಫ್ಟ್‌ವೇರಲ್ಲಿ ಕಾನ್‌ಸ್ಟಂಟ್ (ಒಂದೇ ಸಮ) 25ಕ್ಕೆ ಬದಲಾಯ್ಸಿದೆ, ಸೌಂಡ್ ಸರಿಯಾಯ್ತು, ಆದ್ರೆ ಸೆಕೆಂಡಿಗೆ 5 ಫ್ರೇಮ್ ಬಿಟ್ಟೋಗಿ ಬಾಲ್ ತಡವರಿಸಿದಂಗೆ ಕಾಣುತ್ತೆ. ಪೆನಾಲ್ಟಿಲಿ ಹುಡುಗನ ಕಾಲು ಬಾಲಿಗೆ ತಾಗೋ ಫ್ರೇಮೇ ಮಾಯ, ಕೆಸರು ಹಾರೋದಷ್ಟೇ ಕಾಣುತ್ತೆ, ಇಡೀ ಸಿನಿಮಾ ನಿಂತಿರೋದೇ ಆ ಒದೆತದ ಮೇಲೆ. ಆಪ್ಟಿಕಲ್ ಫ್ಲೋ (ಮಧ್ಯದ ಫ್ರೇಮ್ ಸಾಫ್ಟ್‌ವೇರೇ ಊಹಿಸಿ ಮಾಡೋದು) ಹಾಕಿದ್ರೆ ಬಾಲ್ ಸುತ್ತ ನೆಟ್ ಕರಗಿದಂಗೆ ಆಗುತ್ತೆ. ರೀಶೂಟ್ ಸಾಧ್ಯ ಇಲ್ಲ, ಮೈದಾನದಲ್ಲಿ ಮಳೆ ನೀರು ನಿಂತಿದೆ.

ಈಗ ಟೈಮ್‌ಲೈನ್ 30ಕ್ಕೆ ಮಾಡಿ ಮಾತಿನ ಸೀನ್ ಅದಕ್ಕೆ ಹೊಂದಿಸೋದಾ, ಇಲ್ಲಾ 25ರಲ್ಲೇ ಇಟ್ಟು ಮ್ಯಾಚಿನ ಎಲ್ಲಾ ಫ್ರೇಮ್ ಉಳಿಸಿ ಸ್ವಲ್ಪ ಸ್ಲೋ ಓಡ್ಸೋದಾ? ಮಾಡಿ ನೋಡಿರೋರು ದಯವಿಟ್ಟು ಹೇಳಿ.